ಪಕ್ಕದ ಪೀಠದ ಬಿಷಪ್

ಕ್ಯಾಥೋಲಿಕ್ ಧರ್ಮಸಭೆಯ ಶ್ರೇಣಿಯಲ್ಲಿ ಸಹಾಯಕ ಬಿಷಪ್ ಎಂಬುದು ವಿಚಿತ್ರವಾದ ಹುದ್ದೆ. ಧರ್ಮಪ್ರಾಂತ್ಯ ದೊಡ್ಡದಾಗಿ ಕೆಲಸ ಕೈಮೀರಿದಾಗ ಅಲ್ಲಿನ ಬಿಷಪ್ ತಮಗೊಬ್ಬ ಸಹಾಯಕರು ಬೇಕೆಂದು ಕೇಳುತ್ತಾರೆ, ಪೋಪ್ ನೇಮಿಸುತ್ತಾರೆ. ನಮ್ಮ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೂ 2024ರಲ್ಲಿ ಹೀಗೆ ಇಬ್ಬರು ನೇಮಕವಾದರು. ಈ ಸಹಾಯಕರಿಗೂ ಪೂರ್ಣ ಬಿಷಪ್ ದೀಕ್ಷೆಯೇ ಆಗಿರುತ್ತದೆ. ಉಂಗುರ, ಕೈದಂಡ, ಪೂಜೆಯ ಹೊತ್ತಿನ ಎತ್ತರದ ಮುಡಿ ಎಲ್ಲವೂ ಉಂಟು. ಇಲ್ಲದಿರುವುದು ತಮ್ಮದೆನ್ನುವ ಊರು ಮಾತ್ರ. ಎಂದೋ ಅಳಿದುಹೋದ ಯಾವುದೋ ಹಳೆಯ ಧರ್ಮಪ್ರಾಂತ್ಯದ ಹೆಸರನ್ನು ಗೌರವಕ್ಕಾಗಿ ಅವರ ಹೆಸರಿಗೆ ಸೇರಿಸುತ್ತಾರೆ. ಮುಖ್ಯ ಬಿಷಪ್ ನಿವೃತ್ತರಾದರೆ ಆ ಪೀಠ ತಾನಾಗಿ ಇವರಿಗೆ ಬರುವುದಿಲ್ಲ. ಉತ್ತರಾಧಿಕಾರದ ಹಕ್ಕಿರುವ ಸಹಬಿಷಪ್ ಎಂಬ ಹುದ್ದೆಯೇ ಬೇರೆ. ಹಾಗಾಗಿ ಸಹಾಯಕ ಬಿಷಪ್ ಎಂದರೆ ಮುಂದಿನ ಬಡ್ತಿಗೆ ಕಾಯುತ್ತಿರುವವರು, ಇಲ್ಲವೇ ಬಡ್ತಿ ಸಿಗದೆ ಉಳಿದವರು ಎಂದು ಚರ್ಚಿನ ಒಳಗಿನವರೂ ಹೊರಗಿನವರೂ ಲೆಕ್ಕ ಹಾಕುವುದುಂಟು. ಎಲ್ಸಾಲ್ವಡಾರ್‌ನ ಆಸ್ಕರ್ ರೊಮೆರೊ ಕೂಡ 1970ರಿಂದ ನಾಲ್ಕು ವರ್ಷ ಸಹಾಯಕ ಬಿಷಪ್ ಆಗಿದ್ದರು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಮುಂದೆ ಆರ್ಚ್‌ಬಿಷಪ್ ಆಗಿ 1980ರಲ್ಲಿ ಗುಂಡಿಗೆ ಬಲಿಯಾದ ರೊಮೆರೊ ಅವರನ್ನು.

ಪಕ್ಕದ ದೇಶ ಗ್ವಾಟೆಮಾಲಾದಲ್ಲಿ ಕೊಲೆಗಡುಕರು ಹುಡುಕಿಕೊಂಡು ಬಂದದ್ದು ಸಹಾಯಕ ಬಿಷಪ್ ಒಬ್ಬರನ್ನೇ. 1998ರ ಏಪ್ರಿಲ್ 26ರ ಭಾನುವಾರ ರಾತ್ರಿ ಹುವಾನ್ ಹೋಸೆ ಹೆರಾರ್ಡಿ ಸೋದರಿಯ ಮನೆಯಿಂದ ರಾಜಧಾನಿಯ ಸಾನ್ ಸೆಬಾಸ್ತಿಯಾನ್ ಚರ್ಚಿನ ತಮ್ಮ ವಸತಿಗೆ ಮರಳಿದರು. ಗ್ಯಾರೇಜಿನಲ್ಲಿ ಕಾದಿದ್ದವರು ಕಾಂಕ್ರೀಟ್ ತುಂಡಿನಿಂದ ಅವರ ತಲೆ, ಮುಖ ಜಜ್ಜಿದರು. ಮುಖ ಎಷ್ಟು ಕೆಟ್ಟಿತ್ತೆಂದರೆ ಗುರುತು ಹಿಡಿಯಲು ಬೆರಳಿನಲ್ಲಿದ್ದ ಬಿಷಪ್ ಉಂಗುರ ಬೇಕಾಯಿತು. ಆಗ ಅವರಿಗೆ 75 ವರ್ಷ. ಬಿಷಪ್‌ಗಳು ರಾಜೀನಾಮೆ ಪತ್ರ ಸಲ್ಲಿಸಬೇಕೆಂದು ಚರ್ಚಿನ ಕಾನೂನು ಹೇಳುವ ವಯಸ್ಸು ಅದೇ. ಸೈನ್ಯವಿಲ್ಲ, ಪಕ್ಷವಿಲ್ಲ, ಸ್ವಂತ ಧರ್ಮಪ್ರಾಂತ್ಯವೂ ಇಲ್ಲದ, ನಿವೃತ್ತಿಯ ಹೊಸ್ತಿಲಲ್ಲಿದ್ದ ಮುದುಕರೊಬ್ಬರು ಯಾರಿಗೆ ಅಷ್ಟು ಅಪಾಯಕಾರಿಯಾಗಿ ಕಂಡರು? ಕೊಲೆಗೆ ಎರಡು ದಿನ ಮೊದಲು ಅವರು ಪ್ರಧಾನಾಲಯದಲ್ಲಿ ಬಿಡುಗಡೆ ಮಾಡಿದ ನಾಲ್ಕು ಸಂಪುಟಗಳ ವರದಿ ಇದಕ್ಕೆ ಸಿಗುವ ಸುಲಭದ ಉತ್ತರ. ಆ ವರದಿ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಇಡೀ ಧರ್ಮಪ್ರಾಂತ್ಯದ ಅಧಿಕಾರ ಕೈಯಲ್ಲಿದ್ದಾಗ ತಮ್ಮ ಜನರನ್ನು ಉಳಿಸಿಕೊಳ್ಳಲಾಗದೆ ಸೋತ ಹೆರಾರ್ಡಿ, ಆ ಅಧಿಕಾರ ಇಲ್ಲದ ಪಕ್ಕದ ಪೀಠದಲ್ಲಿ ಕೂತು ಪ್ರಭುತ್ವಕ್ಕೆ ಅರಗಿಸಿಕೊಳ್ಳಲಾಗದ ಕೆಲಸ ಮಾಡಿದರು. ಈ ಎರಡೂ ಕಾಲಗಳನ್ನು ಒಟ್ಟಿಗೆ ಇಟ್ಟು ನೋಡದೆ ಅವರ ಬದುಕೂ ಅರ್ಥವಾಗುವುದಿಲ್ಲ, ಅವರಿದ್ದ ಹುದ್ದೆಯ ಬೆಲೆಯೂ ತಿಳಿಯುವುದಿಲ್ಲ.

ಹೆರಾರ್ಡಿ ಹುಟ್ಟಿದ್ದು 1922ರ ಡಿಸೆಂಬರ್ 27ರಂದು, ಗ್ವಾಟೆಮಾಲಾ ನಗರದಲ್ಲಿ, ಇಟಲಿಯಿಂದ ವಲಸೆ ಬಂದವರ ವಂಶದಲ್ಲಿ. 1946ರಲ್ಲಿ ಗುರುದೀಕ್ಷೆ ಪಡೆದು ಎರಡು ದಶಕ ಪಾದ್ರಿಯಾಗಿ ದುಡಿದರು. ಆ ದಿನಗಳ ಗ್ವಾಟೆಮಾಲಾ ಚರ್ಚು ಬಡವರ ಪರ ನಿಂತ ಚರ್ಚೇನೂ ಆಗಿರಲಿಲ್ಲ. 1954ರಲ್ಲಿ ಅಮೆರಿಕದ ಸಿಐಎ ಬೆಂಬಲದ ದಂಗೆ ಚುನಾಯಿತ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಅವರನ್ನು ಉರುಳಿಸಿತು. ಅವರ ಅಪರಾಧ ಭೂಸುಧಾರಣೆ. ಅಂದಿನ ಆರ್ಚ್‌ಬಿಷಪ್ ಮರಿಯಾನೊ ರೊಸೆಲ್ ದಂಗೆಗೆ ಮುಂಚೆಯೇ ಕಮ್ಯುನಿಸಂ ವಿರುದ್ಧ ಏಳಿರೆಂದು ಭಕ್ತರಿಗೆ ಪತ್ರ ಬರೆದಿದ್ದರು. 1960ರಲ್ಲಿ ಶುರುವಾದ ಅಂತರ್ಯುದ್ಧ ಮುಗಿಯಲು 36 ವರ್ಷ ಹಿಡಿಯಿತು. ಹೆರಾರ್ಡಿ 1967ರಲ್ಲಿ ವೆರಾಪಾಸ್ ಧರ್ಮಪ್ರಾಂತ್ಯದ ಬಿಷಪ್ ಆಗುವ ವೇಳೆಗೆ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದು, ಜನರ ನುಡಿಯಲ್ಲೇ ಪೂಜೆ ನಡೆಯಬಹುದೆಂಬ ಬಾಗಿಲು ತೆರೆದಿತ್ತು. ವೆರಾಪಾಸ್ ಎಂದರೆ ನಿಜವಾದ ಶಾಂತಿ. ಹದಿನಾರನೇ ಶತಮಾನದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮತ್ತು ಜೊತೆಯ ಡೊಮಿನಿಕನ್ ಸನ್ಯಾಸಿಗಳು ಆಯುಧವಿಲ್ಲದೆ ಹೊಕ್ಕ ನಾಡೆಂದು ಬಂದ ಹೆಸರು ಅದು. ಸ್ಪೇನಿನವರು ಮೂಲನಿವಾಸಿಗಳ ಮೇಲೆ ನಡೆಸಿದ ಕ್ರೌರ್ಯವನ್ನು ಬರೆದಿಟ್ಟು 1552ರಲ್ಲಿ ಅಚ್ಚು ಹಾಕಿಸಿದ ಲಾಸ್ ಕಾಸಾಸ್ ಕೂಡ ಒಬ್ಬ ಬಿಷಪ್. ಅದೇ ನಾಡಿನಲ್ಲಿ ಹೆರಾರ್ಡಿ ಮಾಯಾ ಜನರ ಕೆಕ್ಚಿ ನುಡಿಗೆ ಪೂಜೆಯಲ್ಲಿ ಜಾಗ ಕೊಟ್ಟರು, ಹಳ್ಳಿಯವರನ್ನೇ ಉಪದೇಶಿಗಳಾಗಿ ಬೆಳೆಸಿದರು. 20ಕ್ಕೂ ಹೆಚ್ಚು ಮಾಯಾ ನುಡಿಗಳಿರುವ ದೇಶದಲ್ಲಿ ಸ್ಪ್ಯಾನಿಷ್ ಬಾರದವನ ಮಾತಿಗೆ ಕಚೇರಿಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಕಿಮ್ಮತ್ತಿರಲಿಲ್ಲ. ಚರ್ಚಿನಲ್ಲಿ ಆ ಮಾತಿಗೊಂದು ಮರ್ಯಾದೆ ಸಿಕ್ಕಿದ್ದು ಅಂದಿಗೆ ಸಣ್ಣ ಬದಲಾವಣೆಯಾಗಿ ಕಂಡಿರಬಹುದು. ಮೂರು ದಶಕದ ನಂತರದ ಅವರ ದೊಡ್ಡ ಕೆಲಸಕ್ಕೆ ಬೀಜ ಬಿದ್ದದ್ದು ಇಲ್ಲೇ.

1974ರಲ್ಲಿ ಅವರನ್ನು ಎಲ್ ಕಿಚೆ ಧರ್ಮಪ್ರಾಂತ್ಯಕ್ಕೆ ಕಳಿಸಲಾಯಿತು. ಮಾಯಾ ಜನರೇ ಹೆಚ್ಚಾಗಿರುವ ಆ ಗುಡ್ಡಗಾಡಿನಲ್ಲಿ ಗೆರಿಲ್ಲಾಗಳು ನೆಲೆಯೂರುತ್ತಿದ್ದರು, ಅವರ ಬೆನ್ನುಹತ್ತಿ ಸೈನ್ಯ ಬಂತು. ಓದು ಬರಹ ಕಲಿಸುವ, ಸಹಕಾರ ಸಂಘ ಕಟ್ಟುವ ಉಪದೇಶಿ ಸೈನ್ಯದ ಕಣ್ಣಿಗೆ ಗೆರಿಲ್ಲಾನ ನೆರಳಾಗಿ ಕಂಡ. 1978ರಲ್ಲಿ ರೊಮೆಯೊ ಲುಕಾಸ್ ಗಾರ್ಸಿಯಾ ಅಧ್ಯಕ್ಷರಾದ ಮೇಲೆ ಕೊಲೆ, ಅಪಹರಣಗಳು ದಿನನಿತ್ಯದ ಸಂಗತಿಯಾದವು. ದೂರು ಹೇಳಿಕೊಳ್ಳಲು ರಾಜಧಾನಿಗೆ ಬಂದ ರೈತರು, ಹೆಚ್ಚಿನವರು ಕಿಚೆಯವರೇ, 1980ರ ಜನವರಿ 31ರಂದು ಸ್ಪೇನ್ ರಾಯಭಾರ ಕಚೇರಿಯೊಳಗೆ ಸೇರಿಕೊಂಡರು. ಪೊಲೀಸರು ಮುತ್ತಿಗೆ ಹಾಕಿದಾಗ ಎದ್ದ ಬೆಂಕಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸುಟ್ಟುಹೋದರು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಅವರ ತಂದೆ ಸತ್ತದ್ದು ಆ ಬೆಂಕಿಯಲ್ಲಿ. ಆಗ ಹೆರಾರ್ಡಿ ದೇಶದ ಬಿಷಪ್‌ಗಳ ಪರಿಷತ್ತಿನ ಅಧ್ಯಕ್ಷರೂ ಆಗಿದ್ದರು. ಬಾಯಿ ಬಿಟ್ಟು ಖಂಡಿಸಿದರು, ಪತ್ರ ಬರೆದರು, ಅಧಿಕಾರಿಗಳನ್ನು ಕಂಡರು. ಯಾವುದರಿಂದಲೂ ಒಂದು ಜೀವ ಉಳಿಯಲಿಲ್ಲ. ಅದೇ ವರ್ಷದ ಜೂನ್ ಮತ್ತು ಜುಲೈನಲ್ಲಿ ಅವರ ಇಬ್ಬರು ಪಾದ್ರಿಗಳು, ಹೋಸೆ ಮರಿಯಾ ಗ್ರಾನ್ ಮತ್ತು ಫೌಸ್ತಿನೊ ವಿಲ್ಯಾನುಯೆವಾ, ಗುಂಡಿಗೆ ಬಲಿಯಾದರು. ದಾರಿಯಲ್ಲಿ ಹೊಂಚಿದ್ದವರ ಕೈಯಿಂದ ಸ್ವತಃ ಹೆರಾರ್ಡಿ ಕೂದಲೆಳೆಯಲ್ಲಿ ಪಾರಾದರು.

ಆಗ ಅವರು ತೆಗೆದುಕೊಂಡ ನಿರ್ಧಾರ ಬಿಷಪ್ ಒಬ್ಬರ ಬದುಕಿನಲ್ಲಿ ತೀರಾ ಅಪರೂಪದ್ದು. ಪಾದ್ರಿಗಳು, ಸನ್ಯಾಸಿನಿಯರನ್ನೆಲ್ಲ ಹೊರಗೆ ಕರೆದು, ಎಲ್ ಕಿಚೆ ಧರ್ಮಪ್ರಾಂತ್ಯವನ್ನೇ ಮುಚ್ಚಿದರು. ಇದನ್ನು ಒಂದೇ ಮಾತಿನಲ್ಲಿ ಸಮರ್ಥಿಸುವುದೂ ಕಷ್ಟ, ಖಂಡಿಸುವುದೂ ಕಷ್ಟ. ಮಂದೆಯನ್ನು ತೋಳದ ಬಾಯಿಗೆ ಬಿಟ್ಟು ಕುರುಬ ಓಡಿದ ಎಂಬ ಆಕ್ಷೇಪಕ್ಕೆ ಆಧಾರವಿದೆ: ಪಾದ್ರಿಗಳು ಹೊರಟ ಮೇಲೂ ಉಪದೇಶಿಗಳು ಹಳ್ಳಿಗಳಲ್ಲೇ ಉಳಿದರು, ಅವರಲ್ಲಿ ಅನೇಕರು ಸತ್ತರು. ಮರಳಿ ಹೋದ ಹುವಾನ್ ಅಲೋನ್ಸೊ ಎಂಬ ಪಾದ್ರಿಯನ್ನು 1981ರ ಫೆಬ್ರುವರಿಯಲ್ಲಿ ಕೊಂದರು. ಆ ಮೂವರು ಪಾದ್ರಿಗಳ ಜೊತೆ ಏಳು ಮಂದಿ ಸಾಮಾನ್ಯ ವಿಶ್ವಾಸಿಗಳನ್ನು, ಸಂತ ಪದವಿಗೆ ಹಿಂದಿನ ಮೆಟ್ಟಿಲಾದ ಪುನೀತ ಪದವಿಗೆ, 2021ರಲ್ಲಿ ಚರ್ಚು ಏರಿಸಿತು. ಹಾಗೆಂದು ಪಾದ್ರಿಗಳು ಅಲ್ಲೇ ಇದ್ದಿದ್ದರೆ ಹಳ್ಳಿಗಳು ಉಳಿಯುತ್ತಿದ್ದವು ಎನ್ನಲು ಯಾವ ಆಧಾರವೂ ಇಲ್ಲ. ಪಾದ್ರಿಯನ್ನು ಕಾಣಲು ಬಂದವನೂ ಅನುಮಾನಕ್ಕೆ ಗುರಿಯಾಗುತ್ತಿದ್ದ ಹೊತ್ತದು. ಒಂದು ಧರ್ಮಪ್ರಾಂತ್ಯವೇ ಬಾಗಿಲು ಹಾಕಿತೆಂಬ ಸುದ್ದಿ ಸರ್ಕಾರ ಮುಚ್ಚಿಟ್ಟದ್ದನ್ನು ಜಗತ್ತಿಗೆ ಸಾರಿತು. ಹೆರಾರ್ಡಿ ರೋಮಿಗೆ ಹೋಗಿ ಎರಡನೇ ಜಾನ್ ಪಾಲ್ ಅವರಿಗೆ ಪರಿಸ್ಥಿತಿಯನ್ನು ವಿವರಿಸಿದರು. ಮರಳಿದಾಗ ಗ್ವಾಟೆಮಾಲಾ ವಿಮಾನ ನಿಲ್ದಾಣದಲ್ಲೇ ಅವರನ್ನು ತಡೆದು ವಾಪಸು ಕಳಿಸಲಾಯಿತು. 1982ರವರೆಗೆ ಕೋಸ್ಟರಿಕಾದಲ್ಲಿ ದೇಶಭ್ರಷ್ಟರಾಗಿ ಕಳೆದರು. ಹಾಗೆ ಕಳೆಯುತ್ತಿದ್ದಾಗಲೇ ಅವರ ಕಿಚೆಯಲ್ಲಿ ಹಳ್ಳಿಗೆ ಹಳ್ಳಿಯೇ ಬೂದಿಯಾಗುತ್ತಿತ್ತು.

ದೇಶಕ್ಕೆ ಮರಳಿದ ಅವರಿಗೆ 1984ರಲ್ಲಿ ಸಿಕ್ಕಿದ್ದು ರಾಜಧಾನಿಯ ಸಹಾಯಕ ಬಿಷಪ್ ಹುದ್ದೆ. ಎರಡು ಧರ್ಮಪ್ರಾಂತ್ಯ ಆಳಿದವರು, ಬಿಷಪ್ ಪರಿಷತ್ತಿನ ಅಧ್ಯಕ್ಷರಾಗಿದ್ದವರು ಈಗ ಆರ್ಚ್‌ಬಿಷಪ್ ಪ್ರೋಸ್ಪೆರೊ ಪೆನಾದೋಸ್ ಅವರ ಕೈಕೆಳಗಿನ ಸಹಾಯಕರು, ಜೊತೆಗೆ ಸಾನ್ ಸೆಬಾಸ್ತಿಯಾನ್ ಚರ್ಚಿನ ಪಾದ್ರಿ. ಪಟ್ಟಿಯಲ್ಲಿ ನೋಡಿದರೆ ಇದು ಹಿಂಬಡ್ತಿ. ಕೆಲಸದ ಬಗೆಯಲ್ಲಿ ನೋಡಿದರೆ ಚಿತ್ರ ಬೇರೆ. ಆಡಳಿತದ ಮುಖ್ಯ ಹೊರೆ ಆರ್ಚ್‌ಬಿಷಪ್ ಅವರದು. ಸರ್ಕಾರದ ಜೊತೆಗಿನ ಶಿಷ್ಟಾಚಾರ, ಆಸ್ತಿಪಾಸ್ತಿ, ವರ್ಗಾವಣೆ, ಉದ್ಘಾಟನೆಗಳಿಂದ ಸಹಾಯಕರಿಗೆ ಒಂದಷ್ಟು ಬಿಡುವುಂಟು. ಒಂದೇ ಕೆಲಸದ ಬೆನ್ನು ಹತ್ತಿ ವರ್ಷಗಟ್ಟಲೆ ಕೂರುವ ಅವಕಾಶ ಈ ಹುದ್ದೆಯಲ್ಲಿದೆ. ಹೆರಾರ್ಡಿ ಅದನ್ನು ಬಳಸಿಕೊಂಡರು. 1987ರ ಎಸ್ಕಿಪುಲಾಸ್ ಶಾಂತಿ ಒಪ್ಪಂದದ ಫಲವಾಗಿ ಹುಟ್ಟಿದ ರಾಷ್ಟ್ರೀಯ ಸಂಧಾನ ಆಯೋಗದಲ್ಲಿ ಚರ್ಚಿನ ಪ್ರತಿನಿಧಿಯಾಗಿ ಕೂತು, ಸರ್ಕಾರ ಮತ್ತು ಗೆರಿಲ್ಲಾಗಳು ಮಾತುಕತೆಯಲ್ಲಿ ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಜಾರಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡರು. ಆ ದಶಕದ ಕೊನೆಗೆ ಪೆನಾದೋಸ್ ಆರ್ಚ್‌ಬಿಷಪ್ ಕಚೇರಿಯಲ್ಲೇ ಮಾನವ ಹಕ್ಕುಗಳ ವಿಭಾಗವೊಂದನ್ನು ತೆರೆದಾಗ ಅದರ ಹೊಣೆ ಹೆರಾರ್ಡಿ ಹೆಗಲಿಗೆ ಬಂತು.

ಆ ವಿಭಾಗದ ಕೆಲಸಗಳಲ್ಲೆಲ್ಲ ದೊಡ್ಡದು ಹುಟ್ಟಿಕೊಂಡದ್ದು ಒಂದು ಕೊರತೆಯಿಂದ. 1994ರ ಜೂನ್‌ನಲ್ಲಿ ಸರ್ಕಾರವೂ ಗೆರಿಲ್ಲಾಗಳೂ ಆಸ್ಲೊದಲ್ಲಿ ಸಹಿ ಹಾಕಿ, ಯುದ್ಧಕಾಲದ ದೌರ್ಜನ್ಯಗಳನ್ನು ದಾಖಲಿಸಲು ಸತ್ಯಶೋಧನಾ ಆಯೋಗವೊಂದು ಬರಬೇಕೆಂದು ಒಪ್ಪಿಕೊಂಡರು. ಒಪ್ಪಂದದಲ್ಲೇ ಬೇಲಿಯನ್ನೂ ಹಾಕಿದ್ದರು: ಆಯೋಗ ತಪ್ಪಿತಸ್ಥರನ್ನು ವ್ಯಕ್ತಿಗತವಾಗಿ ಹೆಸರಿಸುವಂತಿಲ್ಲ, ಅದರ ವರದಿಗೆ ನ್ಯಾಯಾಲಯದಲ್ಲಿ ಪರಿಣಾಮವೂ ಇರುವಂತಿಲ್ಲ. ಕೊಂದವನ ಹೆಸರು ಊರಿಗೆಲ್ಲ ಗೊತ್ತಿದ್ದೂ ಸರ್ಕಾರಿ ಕಾಗದದಲ್ಲಿ ಬರದಂತೆ ನೋಡಿಕೊಳ್ಳುವ ಏರ್ಪಾಡು ಇದು. ಅಂಥ ಆಯೋಗ ಕೆಲಸ ಶುರು ಮಾಡುವ ಮೊದಲೇ ಜನರ ಮಾತುಗಳನ್ನು ಕೂಡಿಸಿಡಬೇಕು ಎಂದು ಹೆರಾರ್ಡಿ ಮತ್ತು ಅವರ ತಂಡ ಹೊರಟರು. ಐತಿಹಾಸಿಕ ನೆನಪನ್ನು ಮರಳಿ ಪಡೆಯುವ ಯೋಜನೆ ಎಂಬುದರ ಸ್ಪ್ಯಾನಿಷ್ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ರೆಮಿ' ಎಂದು ಕರೆದರು. 1995ರಲ್ಲಿ ಕೆಲಸ ಶುರುವಾದಾಗ ಯುದ್ಧವಿನ್ನೂ ಮುಗಿದಿರಲಿಲ್ಲ. ಅಂತಿಮ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1996ರ ಡಿಸೆಂಬರ್ 29ರಂದು.

ಈ ಯೋಜನೆ ಹೇಗೆ ನಡೆಯಿತು ಎಂಬುದರಲ್ಲೇ ಅದರ ಅರ್ಥ ಅಡಗಿದೆ. ಬೇರೆ ಬೇರೆ ಧರ್ಮಪ್ರಾಂತ್ಯಗಳಿಂದ ನೂರಾರು ಮಂದಿಯನ್ನು ಆರಿಸಿ ತರಬೇತಿ ಕೊಟ್ಟರು. ಅವರಲ್ಲಿ ಹೆಚ್ಚಿನವರು ಹಳ್ಳಿಯವರೇ, ಸಾಕ್ಷಿ ಹೇಳುವವರ ನುಡಿ ಬಲ್ಲವರು. ಟೇಪ್ ರೆಕಾರ್ಡರ್ ಹಿಡಿದು ಬೆಟ್ಟ ಹತ್ತಿದ ಅವರ ಕೈಯಲ್ಲಿ ಉದ್ದುದ್ದದ ಅರ್ಜಿ ನಮೂನೆಗಳಿರಲಿಲ್ಲ. ಏನಾಯಿತು, ಯಾವಾಗ, ಎಲ್ಲಿ, ಯಾರು ಮಾಡಿದರು, ಆಮೇಲೆ ನಿಮ್ಮ ಬದುಕು ಏನಾಯಿತು ಎಂಬಂಥ ಕೆಲವೇ ಸರಳ ಪ್ರಶ್ನೆಗಳು. ಸರ್ಕಾರಿ ಅಧಿಕಾರಿಯ ಮುಂದೆ ಬಾಯಿ ಬಿಡದವರು ತಮ್ಮ ಉಪದೇಶಿಯ ಮುಂದೆ, ತಮ್ಮ ನುಡಿಯಲ್ಲಿ ಮಾತಾಡಿದರು. ಪಾಪನಿವೇದನೆಯ ಪೀಠದಲ್ಲಿ ಕೂತು ಇನ್ನೊಬ್ಬರ ಮಾತಿಗೆ ಕಿವಿಯಾಗುವುದು ಚರ್ಚು ಶತಮಾನಗಳಿಂದ ರೂಢಿಸಿಕೊಂಡ ವಿದ್ಯೆ. ಹೆರಾರ್ಡಿ ಆ ವಿದ್ಯೆಯನ್ನೇ ಬೆಟ್ಟಕ್ಕೆ ಒಯ್ದರು ಎನ್ನಬಹುದು. ಅಲ್ಲಿ ಕೇಳಿದ್ದು ಗುಟ್ಟಾಗಿ ಉಳಿಯಬೇಕು, ಇಲ್ಲಿ ಕೇಳಿದ್ದು ಬಯಲಿಗೆ ಬರಬೇಕು ಎಂಬುದಷ್ಟೇ ವ್ಯತ್ಯಾಸ. ಕೊಂದವರೂ ಬಂದು ಮಾತಾಡಿದರು. ಸೈನ್ಯ ಹಳ್ಳಿಯ ಗಂಡಸರನ್ನೆಲ್ಲ ಬಲವಂತವಾಗಿ ನಾಗರಿಕ ಗಸ್ತುಪಡೆಗೆ ಸೇರಿಸಿ, ನೆರೆಯವನ ಕೈಯಿಂದಲೇ ನೆರೆಯವನನ್ನು ಕೊಲ್ಲಿಸಿತ್ತು. ಸತ್ತವನ ಮನೆಯೂ ಕೊಂದವನ ಮನೆಯೂ ಒಂದೇ ಓಣಿಯಲ್ಲಿದ್ದವು.

ಹೀಗೆ ದೊರೆತ ಸಾವಿರಾರು ಸಾಕ್ಷ್ಯಗಳಿಂದ 'ಗ್ವಾಟೆಮಾಲಾ: ಇನ್ನೆಂದೂ ಬೇಡ' ಎಂಬ ವರದಿ ಸಿದ್ಧವಾಯಿತು. ಅದು ದಾಖಲಿಸಿದ ಬಲಿಪಶುಗಳು 55,000ಕ್ಕೂ ಹೆಚ್ಚು. ಸಾಮೂಹಿಕ ಹತ್ಯೆಗಳು 400ಕ್ಕೂ ಮಿಗಿಲು. ಶೇ 80ಕ್ಕಿಂತ ಹೆಚ್ಚಿನ ಕೃತ್ಯಗಳ ಹೊಣೆ ಸೈನ್ಯ ಮತ್ತು ಅದರ ಕೈಗೊಂಬೆಯಾದ ಪಡೆಗಳ ಮೇಲೆ, ಶೇ 10ಕ್ಕಿಂತ ಕಡಿಮೆ ಗೆರಿಲ್ಲಾಗಳ ಮೇಲೆ ಎಂದು ವರದಿ ಹೇಳಿತು. ಕೊನೆಯ ಸಂಪುಟ ಸತ್ತವರ ಹೆಸರುಗಳಿಗೇ ಮೀಸಲು. ಏಪ್ರಿಲ್ 24ರಂದು ಪ್ರಧಾನಾಲಯದಲ್ಲಿ ಅದನ್ನು ಜನರ ಮುಂದಿಟ್ಟ ಹೆರಾರ್ಡಿ, ಸತ್ಯವನ್ನು ಅರಸುವ ಈ ಕೆಲಸ ಸುವಾರ್ತೆಯ ಕೆಲಸವೇ, ಅದರಲ್ಲಿ ಅಪಾಯವೂ ಇದೆ ಎಂಬ ಅರ್ಥದ ಮಾತಾಡಿದರು. ಎರಡನೆಯ ದಿನದ ರಾತ್ರಿ ಆ ಅಪಾಯ ಅವರ ಗ್ಯಾರೇಜಿನಲ್ಲಿತ್ತು.

ಇದು ಬಿಷಪ್ ಮಾಡುವ ಕೆಲಸವೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಪೂಜೆ, ಪ್ರಾರ್ಥನೆ ಬಿಟ್ಟು ಸೈನ್ಯದ ತಪ್ಪು ಹುಡುಕುವುದು ರಾಜಕಾರಣ, ಕಾವಿಗೋ ನಿಲುವಂಗಿಗೋ ಅದು ಹೊಂದುವುದಿಲ್ಲ ಎನ್ನುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಧರ್ಮಪೀಠ ಪಕ್ಷವೊಂದರ ತುತ್ತೂರಿಯಾದರೆ ಆಗುವ ಹಾನಿ ನಿಜವಾದದ್ದೇ. ಆದ್ದರಿಂದ ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಗ್ವಾಟೆಮಾಲಾದಲ್ಲಿ ಈ ಆಕ್ಷೇಪ ಎತ್ತುವವರು 1954ಕ್ಕೆ ಉತ್ತರ ಹೇಳಬೇಕು. ಚುನಾಯಿತ ಸರ್ಕಾರದ ವಿರುದ್ಧ ಜನರನ್ನು ಎಬ್ಬಿಸಿದ ಆರ್ಚ್‌ಬಿಷಪ್ ಪತ್ರ ರಾಜಕಾರಣವಲ್ಲದಿದ್ದರೆ, ಸತ್ತವರ ಪಟ್ಟಿ ಮಾಡಿದ್ದು ಹೇಗೆ ರಾಜಕಾರಣವಾದೀತು? ಅದೂ ಅಲ್ಲದೆ ಸತ್ತವರಲ್ಲಿ ಚರ್ಚಿನದೇ ಉಪದೇಶಿಗಳು, ಪಾದ್ರಿಗಳು ಇದ್ದರು. ಮಂದೆಯಲ್ಲಿ ಎಷ್ಟು ಕುರಿ ಉಳಿದಿವೆ, ಎಷ್ಟು ಹೋದವು ಎಂದು ಎಣಿಸುವುದು ಕುರುಬನ ಮೊದಲ ಕೆಲಸ. ಎಲ್ ಕಿಚೆಯಲ್ಲಿ ಎಣಿಸಲೂ ಆಗದೆ ಹೊರಟಿದ್ದ ಹೆರಾರ್ಡಿ ಹದಿನೈದು ವರ್ಷ ತಡವಾಗಿ ಆ ಎಣಿಕೆಗೆ ಕೂತರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 36 ವರ್ಷ ಬಡಿದಾಡಿದ ದೇಶ ಹೇಗೋ ಸಹಿ ಹಾಕಿ ಬಂದೂಕು ಕೆಳಗಿಟ್ಟಿದೆ. ಮಾಯುತ್ತಿರುವ ಗಾಯವನ್ನು ಕೆರೆದರೆ ಮತ್ತೆ ರಕ್ತ ಬರುತ್ತದೆ. ಮರೆವು ಕೂಡ ಒಂದು ಮದ್ದು. ಇದನ್ನು ಹೇಳುವವರೆಲ್ಲ ಕೊಲೆಗಡುಕರ ಬಂಟರಲ್ಲ, ಶಾಂತಿ ಬಯಸುವ ಸಜ್ಜನರೂ ಹೀಗೆ ಯೋಚಿಸುತ್ತಾರೆ. ಅವರ ವಾದ ನಿಂತಿರುವುದು ಗಾಯ ಮಾಯುತ್ತಿದೆ ಎಂಬ ನಂಬಿಕೆಯ ಮೇಲೆ. ರೆಮಿ ಕಂಡದ್ದು ಬೇರೆಯದನ್ನು. ಗಂಡನ ಹೆಣ ಸಿಗದ ಹೆಂಗಸು ಆತನಿಗೆ ಕ್ರಿಯೆ ಮಾಡಲಾರಳು, ಬದುಕಿದ್ದಾನೆಂದು ಕಾಯಲೂ ಆರಳು. ಕೊಂದವನು ಸಂತೆಯಲ್ಲಿ ಎದುರಾದರೆ ತಲೆ ತಗ್ಗಿಸಬೇಕಾದವಳು ಅವಳೇ. ಇಂಥಲ್ಲಿ ಮರೆವಿನ ಲಾಭ ಒಬ್ಬನಿಗೆ, ಬೆಲೆ ತೆರುವುದು ಇನ್ನೊಬ್ಬಳು. ಹೆಸರು ಹೇಳಿ ಅತ್ತು, ಗುಂಡಿ ಅಗೆದು ಮೂಳೆ ಎತ್ತಿ, ಗೋರಿ ಕಟ್ಟಿದ ಮೇಲೆಯೇ ಶೋಕಕ್ಕೊಂದು ಕೊನೆ. ವರದಿಯ ನಂತರ ಅದರ ಸಾರವನ್ನು ಹಳ್ಳಿಗಳಿಗೆ ಮರಳಿ ಒಯ್ದು ಹೇಳುವ ಕೆಲಸವೂ ಯೋಜನೆಯ ಭಾಗವಾಗಿತ್ತು. ನಿಜವಾದ ಶಾಂತಿ ಎಂಬ ಹೆಸರಿನ ಧರ್ಮಪ್ರಾಂತ್ಯದಿಂದ ಬಿಷಪ್ ಬದುಕು ಆರಂಭಿಸಿದವರಿಗೆ, ಸುಳ್ಳು ಶಾಂತಿಯೆಂಬುದೂ ಒಂದುಂಟು ಎಂದು ಯಾರೂ ಕಲಿಸಬೇಕಾಗಿರಲಿಲ್ಲ.

ನೊಂದವರು ನೆನಪಿನಿಂದ ಹೇಳಿದ ಮಾತನ್ನು ಇತಿಹಾಸವೆಂದು ಒಪ್ಪುವುದು ಹೇಗೆ ಎಂಬ ಮೂರನೆಯ ಪ್ರಶ್ನೆ ವಿದ್ವಾಂಸರದು. ನೆನಪು ತಪ್ಪುತ್ತದೆ, ದಿನಾಂಕ ಬೆರೆಯುತ್ತದೆ, ಚರ್ಚಿನ ಹತ್ತಿರದವರೇ ಹೆಚ್ಚಾಗಿ ಮಾತಾಡಿರಬಹುದು. ಇವು ನ್ಯಾಯವಾದ ಸಂಶಯಗಳು. ರೆಮಿ ವರದಿಗೆ ಸಿಕ್ಕ ಪರೀಕ್ಷೆಯೂ ದೊಡ್ಡದೇ. ವಿಶ್ವಸಂಸ್ಥೆಯ ನೆರವಿನ ಅಧಿಕೃತ ಸತ್ಯಶೋಧನಾ ಆಯೋಗ ಜರ್ಮನಿಯ ಕಾನೂನು ತಜ್ಞ ಕ್ರಿಸ್ಟಿಯನ್ ಟೊಮುಷಾಟ್ ಅವರ ಮುಂದಾಳತ್ವದಲ್ಲಿ ತನ್ನದೇ ತನಿಖೆ ನಡೆಸಿ, 1999ರ ಫೆಬ್ರುವರಿ 25ರಂದು ವರದಿ ಕೊಟ್ಟಿತು. ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು ಮಾಡಿತು. ತಾನು ದಾಖಲಿಸಿದ ಉಲ್ಲಂಘನೆಗಳಲ್ಲಿ ಶೇ 93ರಷ್ಟು ಪ್ರಭುತ್ವದ ಪಡೆಗಳವು, ಶೇ 3ರಷ್ಟು ಗೆರಿಲ್ಲಾಗಳವು, ಗುರುತಿಸಲಾದ ಬಲಿಪಶುಗಳಲ್ಲಿ ಶೇ 83ರಷ್ಟು ಮಾಯಾ ಜನರು ಎಂದಿತು. ಕೆಲವು ಪ್ರದೇಶಗಳಲ್ಲಿ ನಡೆದದ್ದು ಜನಾಂಗಹತ್ಯೆಯ ಕೃತ್ಯಗಳು ಎಂಬ ಮಾತನ್ನೂ ಬಳಸಿತು. ಚರ್ಚಿನ ವರದಿ ಪಕ್ಷಪಾತಿಯಾಗಿದ್ದರೆ ಸ್ವತಂತ್ರ ಆಯೋಗದ ಅಂಕಿಗಳು ಸೈನ್ಯಕ್ಕೆ ಅನುಕೂಲವಾಗಿ ಬರಬೇಕಿತ್ತು. ಬಂದದ್ದು ಇನ್ನೂ ಕಠಿಣವಾಗಿ. ಗೆರಿಲ್ಲಾಗಳ ಪಾಲನ್ನು ರೆಮಿ ಆಯೋಗಕ್ಕಿಂತ ಹೆಚ್ಚಾಗಿಯೇ ತೋರಿಸಿತ್ತೆಂಬುದೂ ಗಮನಿಸಬೇಕಾದ್ದು.

ಇಷ್ಟೆಲ್ಲ ಸರಿ, ಇದರ ಹೆಗ್ಗಳಿಕೆ ಸಹಾಯಕ ಹುದ್ದೆಗೆ ಸಲ್ಲುವುದೇಕೆ ಎಂದು ಕೇಳಬಹುದು. ಆರ್ಚ್‌ಬಿಷಪ್ ಪೆನಾದೋಸ್ ಬೆನ್ನಿಗೆ ನಿಲ್ಲದಿದ್ದರೆ ಆ ವಿಭಾಗವೇ ಇರುತ್ತಿರಲಿಲ್ಲ. ನೂರಾರು ಕಾರ್ಯಕರ್ತರು ಬೆಟ್ಟ ಹತ್ತದಿದ್ದರೆ ವರದಿಯೂ ಇರುತ್ತಿರಲಿಲ್ಲ. ಈ ಮಾತು ಪೂರ್ತಿ ನಿಜ, ಮತ್ತು ಅದು ಈ ಹುದ್ದೆಯ ಮಿತಿಯನ್ನೂ ತೋರಿಸುತ್ತದೆ. ಮುಖ್ಯ ಬಿಷಪ್ ಮನಸ್ಸು ಮಾಡದಿದ್ದರೆ ಸಹಾಯಕ ಬಿಷಪ್ ಪೂಜೆ, ಪ್ರವಾಸಗಳಲ್ಲೇ ದಿನ ಕಳೆಯಬೇಕಾದೀತು. ಪೆನಾದೋಸ್ ಅವರ ಧೈರ್ಯಕ್ಕೆ ಇತಿಹಾಸ ಇನ್ನೂ ಹೆಚ್ಚಿನ ಋಣ ಸಲ್ಲಿಸಬೇಕಿದೆ. ಆದರೆ ಇಂಥ ಕೆಲಸ ಯಾವ ಬಗೆಯ ಕುರ್ಚಿಯಿಂದ ಸಾಧ್ಯ ಎಂದು ಯೋಚಿಸಿ ನೋಡಿ. ರೆಮಿಯ ಯಶಸ್ಸು ನಿಂತದ್ದೇ ಸ್ವಂತ ದನಿಯನ್ನು ಹಿಂದಿಟ್ಟು ಪರರ ದನಿಯನ್ನು ಮುಂದೆ ತರುವುದರ ಮೇಲೆ. ಎಲ್ ಕಿಚೆಯ ಬಿಷಪ್ ಆಗಿ ಹೆರಾರ್ಡಿ ಜನರ ಪರವಾಗಿ ಮಾತಾಡಿದ್ದರು, ಸರ್ಕಾರ ಕೇಳಿಸಿಕೊಳ್ಳಲಿಲ್ಲ. ಸಹಾಯಕ ಬಿಷಪ್ ಆಗಿ ಜನರೇ ಮಾತಾಡುವಂತೆ ಏರ್ಪಾಡು ಮಾಡಿದರು; ಕೇಳಿಸಲಿಲ್ಲವೆಂದು ನಟಿಸಲು ಸರ್ಕಾರಕ್ಕೆ ಸಾಧ್ಯವಾಗಲಿಲ್ಲ. ಖಂಡನೆಯನ್ನು ಇನ್ನೊಂದು ಹೇಳಿಕೆಯಿಂದ ತಳ್ಳಿಹಾಕಬಹುದು, ಸಾವಿರಾರು ಜನ ಹೆಸರು, ಊರು, ತಾರೀಖು ಸಮೇತ ಹೇಳಿದ್ದನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಕೊಲೆಯ ತನಿಖೆಯೇ ಇದಕ್ಕೆ ಸಾಕ್ಷಿಯಾಯಿತು. ಮೊದಲು ನಿರ್ಗತಿಕನೊಬ್ಬನನ್ನು ಹಿಡಿದರು. ಆಮೇಲೆ ಅದೇ ವಸತಿಯಲ್ಲಿದ್ದ ಪಾದ್ರಿ ಮಾರಿಯೊ ಒರಾಂತೆಸ್ ಅವರ ನಾಯಿ ಕಚ್ಚಿದ ಗುರುತು ಶವದ ಮೇಲಿದೆಯೆಂಬ ವಾದ ಹುಟ್ಟಿ, ಹೂತ ದೇಹವನ್ನು ಹೊರತೆಗೆದು ಪರೀಕ್ಷಿಸಿದರು, ವಾದ ನಿಲ್ಲಲಿಲ್ಲ. ಖಾಸಗಿ ಜಗಳ, ಕಳ್ಳರ ಗುಂಪು ಎಂಬ ಕತೆಗಳು ಸಾಲಾಗಿ ಬಂದವು. ಪ್ರಾಣಬೆದರಿಕೆಯಿಂದ ಸರ್ಕಾರಿ ವಕೀಲರೊಬ್ಬರು ದೇಶ ಬಿಟ್ಟರು. ವಿಚಾರಣೆ ಶುರುವಾಗುವ ಹೊತ್ತಿಗೆ ನ್ಯಾಯಾಧೀಶೆ ಯಾಸ್ಮಿನ್ ಬಾರಿಯೊಸ್ ಅವರ ಮನೆಗೆ ಗ್ರೆನೇಡ್ ಬಿತ್ತು. ಇಷ್ಟಾದರೂ 2001ರ ಜೂನ್‌ನಲ್ಲಿ ನಿವೃತ್ತ ಕರ್ನಲ್ ಬೈರನ್ ಲಿಮಾ ಎಸ್ತ್ರಾದಾ, ಅವರ ಮಗ ಕ್ಯಾಪ್ಟನ್ ಬೈರನ್ ಲಿಮಾ ಒಲಿವಾ ಮತ್ತು ಅಧ್ಯಕ್ಷರ ಭದ್ರತಾ ಪಡೆಯಲ್ಲಿದ್ದ ಒಬ್ದುಲಿಯೊ ವಿಲ್ಯಾನುಯೆವಾ ಅವರಿಗೆ ತಲಾ 30 ವರ್ಷ, ಒರಾಂತೆಸ್ ಅವರಿಗೆ 20 ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಲಿಮಾ ತಂದೆ-ಮಗನ ಶಿಕ್ಷೆ 20 ವರ್ಷಕ್ಕೆ ಇಳಿಯಿತು. ವಿಲ್ಯಾನುಯೆವಾ 2003ರಲ್ಲೂ ಲಿಮಾ ಒಲಿವಾ 2016ರಲ್ಲೂ ಜೈಲಿನೊಳಗೇ ಕೊಲೆಯಾದರು. ತೀರ್ಪನ್ನು ಪ್ರಶ್ನಿಸಿ ಪುಸ್ತಕ ಬರೆದವರೂ ಇದ್ದಾರೆ, ಅದನ್ನು ಸಮರ್ಥಿಸಿ ಬರೆದವರೂ ಇದ್ದಾರೆ. ಸೈನ್ಯದ ಅಧಿಕಾರಿಗಳು ನಾಗರಿಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಶಿಕ್ಷೆಗೊಳಗಾದದ್ದು ಮಾತ್ರ ಆ ದೇಶ ಹಿಂದೆ ಕಾಣದ ದೃಶ್ಯ.

ಕೊನೆಗೆ ಫಲವೇನು ಎಂಬ ನಿರಾಶೆಯ ಪ್ರಶ್ನೆ ಉಳಿಯುತ್ತದೆ. ಎಪ್ಪತ್ತೈದು ದಾಟಿದ ಜೀವವೊಂದು ಹೋಯಿತು, ಹತ್ಯಾಕಾಂಡ ನಡೆಸಿದವರಲ್ಲಿ ಹೆಚ್ಚಿನವರು ಹಾಸಿಗೆಯಲ್ಲೇ ಸತ್ತರು. 2013ರ ಮೇ 10ರಂದು ಮಾಜಿ ಸರ್ವಾಧಿಕಾರಿ ಎಫ್ರೈನ್ ರಿಯೊಸ್ ಮೊಂಟ್ ಅವರನ್ನು ಜನಾಂಗಹತ್ಯೆಯ ಅಪರಾಧಿಯೆಂದು ನ್ಯಾಯಾಲಯ ಸಾರಿತು. ಹತ್ತೇ ದಿನಕ್ಕೆ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ರಿಯೊಸ್ ಮೊಂಟ್ ತೀರ್ಪಿಲ್ಲದೆಯೇ 2018ರಲ್ಲಿ ತೀರಿಕೊಂಡರು. ಈ ಸೋಲನ್ನು ಮುಚ್ಚಿಡುವುದು ಬೇಡ. ಆದರೆ ಆ ತೀರ್ಪು ಓದಿದವರು ಯಾರು? ಹೆರಾರ್ಡಿ ಪ್ರಕರಣದಲ್ಲಿ ಮನೆಗೆ ಗ್ರೆನೇಡ್ ಬಿದ್ದಿದ್ದ ಅದೇ ಯಾಸ್ಮಿನ್ ಬಾರಿಯೊಸ್. 2016ರಲ್ಲಿ ಸೆಪುರ್ ಸಾರ್ಕೊ ಎಂಬಲ್ಲಿನ ಸೇನಾ ನೆಲೆಯಲ್ಲಿ ಕೆಕ್ಚಿ ಹೆಂಗಸರನ್ನು ಲೈಂಗಿಕ ದಾಸ್ಯಕ್ಕೆ ತಳ್ಳಿದ ಇಬ್ಬರಿಗೆ, ಒಬ್ಬನಿಗೆ 120, ಇನ್ನೊಬ್ಬನಿಗೆ 240 ವರ್ಷ ಶಿಕ್ಷೆ ವಿಧಿಸಿದ ಪೀಠದಲ್ಲೂ ಅವರೇ ಇದ್ದರು. ಅಲ್ಲಿ ಅಜ್ಜಿಯರು ತಲೆಗೆ ವಸ್ತ್ರ ಹೊದ್ದು ತಮ್ಮ ನುಡಿಯಲ್ಲೇ ಸಾಕ್ಷಿ ಹೇಳಿದರು, ನ್ಯಾಯಾಲಯ ಅನುವಾದಕರನ್ನಿಟ್ಟು ಕೇಳಿಸಿಕೊಂಡಿತು. ಅದಕ್ಕೂ ಸುಮಾರು ಐವತ್ತು ವರ್ಷ ಹಿಂದೆ ವೆರಾಪಾಸ್‌ನ ಚರ್ಚಿನಲ್ಲಿ ಬಿಷಪ್ ಒಬ್ಬರು ಮರ್ಯಾದೆ ಕೊಟ್ಟಿದ್ದ ನುಡಿ ಅದೇ. ಎರಡರ ನಡುವೆ ನೇರ ದಾರಿ ಎಳೆದರೆ ಅದು ಉತ್ಪ್ರೇಕ್ಷೆ. ಹೆಂಗಸರ ಸಂಘಟನೆಗಳು, ವಕೀಲರು, ಮೂಳೆ ಅಗೆದ ತಜ್ಞರು ಎಲ್ಲರೂ ಸೇರಿ ಸವೆಸಿದ ದಾರಿ ಅದು. ಹಳ್ಳಿಯವರ ಬಾಯಿಮಾತೂ ದಾಖಲೆಯೇ ಎಂಬ ನಂಬಿಕೆಯನ್ನು ದೇಶದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ನೆಟ್ಟವರಲ್ಲಿ ರೆಮಿಯೂ ಒಂದು ಎಂದರೆ ಸಾಕು.

ಸಹಾಯಕ ಎಂಬ ಪದವನ್ನು ನಾವು ಅರ್ಧ ಅಧಿಕಾರ ಎಂಬ ಅರ್ಥದಲ್ಲಿ ಓದುತ್ತೇವೆ. ಯಾರ ಸಹಾಯಕ್ಕೆ ಎಂದು ಕೇಳುವುದಿಲ್ಲ. ಚರ್ಚಿನ ಕಾನೂನಿನ ಪ್ರಕಾರ ಹೆರಾರ್ಡಿ ಆರ್ಚ್‌ಬಿಷಪ್ ಅವರ ಸಹಾಯಕ್ಕೆ ನೇಮಕವಾದವರು. ಅವರು ಅದನ್ನು ವಿಸ್ತರಿಸಿ ಓದಿಕೊಂಡರು: ಮಾತು ಹೊರಡದವರಿಗೆ ಮಾತಾಡಲು ಸಹಾಯ. ಗ್ವಾಟೆಮಾಲಾ ಪ್ರಧಾನಾಲಯದ ಮುಂದಿನ ಕಂಬಗಳ ಮೇಲೆ ಇಂದು ರೆಮಿ ದಾಖಲಿಸಿದ ಹೆಸರುಗಳನ್ನು ಕೆತ್ತಿದ್ದಾರೆ. ಮೇಲಿನಿಂದ ಕೆಳಗಿನವರೆಗೆ ಸಾವಿರಾರು ಹೆಸರು, ಊರೂರಿನವು. ಚೌಕಕ್ಕೆ ಬರುವ ಹಳ್ಳಿಯವರು ಅವುಗಳ ಮುಂದೆ ನಿಂತು, ತಮ್ಮವರ ಹೆಸರು ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬಹುದು.